ಗೃಹಸ್ಥನ ನಿರ್ಭಯತೆ

ಧರ್ಮದ ಇತಿಹಾಸವನ್ನು ಬರೆಯುವವರು ಧೈರ್ಯದ ಉದಾಹರಣೆ ಬೇಕಾದಾಗ ಹುತಾತ್ಮರ ಕಡೆಗೆ ತಿರುಗುವುದು ವಾಡಿಕೆ. ರೋಮಿನ ಚಕ್ರವರ್ತಿಗಳ ಕಾಲದಲ್ಲಿ ಕ್ರಿಸ್ತನ ಹೆಸರನ್ನು ಅಲ್ಲಗಳೆಯಲೊಲ್ಲದೆ ಪ್ರಾಣವನ್ನೊಪ್ಪಿಸಿದವರ ಕಥೆಗಳು ಎಲ್ಲ ದೇಶದ ಕ್ರೈಸ್ತರಿಗೂ ಪರಿಚಿತವಾಗಿವೆ. ನಮ್ಮ ಕರಾವಳಿಯಲ್ಲಿಯೇ 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಿಂದ ಮನೆ ಹೊಲಗಳನ್ನು ಕಳೆದುಕೊಂಡು, ಘಟ್ಟವನ್ನು ಹತ್ತಿ, ಶ್ರೀರಂಗಪಟ್ಟಣದ ಸೆರೆಗೆ ನಡೆದುಹೋದ ಕ್ಯಾಥೊಲಿಕರ ನೆನಪು ಮಂಗಳೂರಿನ ಮನೆತನಗಳಲ್ಲಿ ಇನ್ನೂ ಮಾಸಿಲ್ಲ. ಧಾರವಾಡ ಸೀಮೆಯ ಕ್ರೈಸ್ತರ ಪೂರ್ವವೃತ್ತದಲ್ಲಿ ಅಂಥ ಪುಟಗಳಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನವಲಗುಂದದ ಕಡೆಯ ಒಬ್ಬ ರೈತನೋ ಬೆಟಗೇರಿಯ ಒಬ್ಬ ನೇಕಾರನೋ ಕ್ರೈಸ್ತನಾಗಲು ಮನಸ್ಸು ಮಾಡಿದನೆಂದರೆ ಅವನ ಎದುರಿಗೆ ಬಂದು ನಿಲ್ಲುತ್ತಿದ್ದ ಭಯವು ಸಣ್ಣದಾಗಿರಲಿಲ್ಲ. ಕೆರೆಯ ನೀರು, ಹೊಲದ ಪಾಲು, ಮಗಳ ಮದುವೆ, ಸತ್ತಾಗ ಹೆಗಲು ಕೊಡುವ ನಾಲ್ವರು: ಇವೆಲ್ಲ ಒಂದೇ ದಿನದಲ್ಲಿ ಸಂದೇಹಕ್ಕೆ ಬೀಳುತ್ತಿದ್ದವು. ಅದು ಗೃಹಸ್ಥನ ಭಯ. ಅದನ್ನು ಗೆದ್ದ ಧೈರ್ಯವೂ ಗೃಹಸ್ಥನದೇ. ಅದರ ಸ್ವರೂಪವನ್ನು ಅರಿಯದೆ ಓದಿದವರಿಗೆ ಈ ಸೀಮೆಯ ಕ್ರೈಸ್ತರ ಇತಿಹಾಸವು ಕೇವಲ ಪರದೇಶೀಯ ಪಾದ್ರಿಗಳ ಇತಿಹಾಸವಾಗಿ ತೋರಿದರೆ ಆಶ್ಚರ್ಯವಿಲ್ಲ.

ಮೊದಲು ಭೂಮಿಯ ಮಾತನ್ನು ಹೇಳಬೇಕು. ನವಲಗುಂದ, ಅಣ್ಣಿಗೇರಿಗಳ ಎರೆನಾಡು ಬಯಲಾಗಿ ಹಬ್ಬಿದ ಕರಿಯ ಭೂಮಿ. ಬಿಳಿಜೋಳ, ಗೋದಿ, ಹತ್ತಿಗಳಿಗೆ ಅದು ತಾಯಿಯಾದರೂ ಕುಡಿಯುವ ನೀರಿನ ವಿಷಯದಲ್ಲಿ ಬಹು ಕೃಪಣವಾದುದು. ಬಾವಿಯನ್ನು ತೋಡಿದರೆ ಸವುಳು ನೀರು ಬರುವ ಊರುಗಳೇ ಹೆಚ್ಚಾದುದರಿಂದ ಊರಿನ ಜೀವವೆಲ್ಲ ಮಳೆಯ ನೀರನ್ನು ಹಿಡಿದಿಡುವ ಕೆರೆಯೊಂದರ ಮೇಲೆಯೇ ನಿಲ್ಲುತ್ತಿತ್ತು. ಪಡುವಣ ಕಲಘಟಗಿಯು ಮಲೆನಾಡಿನ ಸೆರಗು. ಭತ್ತದ ಗದ್ದೆ, ಕಾಡು, ಮಳೆ. ಇವೆರಡರ ನಡುವಿನ ಕುಂದಗೋಳವು ಇಂಗ್ಲಿಷರ ಆಳ್ವಿಕೆಯ ಕಾಲದುದ್ದಕ್ಕೂ ಜಮಖಂಡಿಯ ಪಟವರ್ಧನ ಅರಸರ ಸಂಸ್ಥಾನಕ್ಕೆ ಸೇರಿದ ತುಂಡು ನಾಡು. ಹೀಗೆ ಒಂದು ದಿನದ ದಾರಿಯೊಳಗೆ ಮಣ್ಣು ಬದಲಾಗುತ್ತಿತ್ತು, ಪೈರು ಬದಲಾಗುತ್ತಿತ್ತು, ಸರಕಾರವೂ ಬದಲಾಗುತ್ತಿತ್ತು. ಬದಲಾಗದೆ ಉಳಿದದ್ದು ಗೌಡ, ಕುಲಕರ್ಣಿ, ಆಯಗಾರರಿಂದ ಕೂಡಿದ ಊರಿನ ಕಟ್ಟು ಒಂದೇ.

ಈ ನಾಡಿಗೆ ಸುವಾರ್ತೆಯನ್ನು ತಂದವರು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಷನ್ನಿನವರು. ಈಸ್ಟ್ ಇಂಡಿಯಾ ಕಂಪನಿಯ ಸನ್ನದು 1833ರಲ್ಲಿ ನವೀಕೃತವಾದಾಗ ಇಂಗ್ಲಿಷರಲ್ಲದ ಮಿಷನರಿಗಳಿಗೂ ಈ ದೇಶದ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಖ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ನೆಲಸಿದರು. ಅಲ್ಲಿಂದ ಘಟ್ಟದ ಮೇಲಕ್ಕೆ ಬಂದು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಗದಗಿನ ಬಳಿಯ ಬೆಟಗೇರಿಯಲ್ಲಿಯೂ ಠಾಣ್ಯಗಳನ್ನು ಹೂಡಿದರು. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿ ಅಣ್ಣಿಗೇರಿಯ ಮೇಲೆಯೇ ಹಾಯುವುದರಿಂದ ಆದಿಕವಿ ಪಂಪನ ಹೆಸರಿನೊಡನೆ ಕೂಡಿಬಂದ ಆ ಹಳೆಯ ಊರಿಗೆ ಈ ಬಿಳಿಯ ಬೋಧಕರ ಮುಖವು ಬಲುಬೇಗ ಪರಿಚಿತವಾಗಿರಬೇಕು. ಸಂತೆ ಜಾತ್ರೆಗಳಲ್ಲಿ ನಿಂತು ಬೋಧಿಸುವುದು, ಪುಸ್ತಕ ಹಂಚುವುದು, ಸಾಲೆ ತೆರೆಯುವುದು ಅವರ ಕ್ರಮವಾಗಿತ್ತು. ಜನರು ಕೇಳಿದರು; ತರ್ಕಿಸಿದರು; ಎಷ್ಟೋ ಮಂದಿ ಸಂತೋಷದಿಂದ ತಲೆದೂಗಿದರು. ಆದರೆ ತಲೆದೂಗುವುದಕ್ಕೂ ತಲೆಯ ಮೇಲೆ ದೀಕ್ಷಾಸ್ನಾನದ ನೀರನ್ನು ಹೊಯ್ಯಿಸಿಕೊಳ್ಳುವುದಕ್ಕೂ ನಡುವೆ ಎಂಥ ಅಗಾಧವಾದ ಅಂತರವಿದೆಯೆಂಬುದನ್ನು ಪಾದ್ರಿಗಳು ಕಷ್ಟಪಟ್ಟು ಕಲಿಯಬೇಕಾಯಿತು.

ಆ ಪಾಠದ ಮೊದಲನೆಯ ಅಧ್ಯಾಯವು ಕಾಲಜ್ಞಾನಿಗಳ ಪ್ರಕರಣ. ಕಲಿಯುಗದ ಅಂತ್ಯದಲ್ಲಿ ಧರ್ಮವನ್ನುದ್ಧರಿಸುವ ಅರಸನೊಬ್ಬನು ಬರುವನೆಂದೂ ಅವನು ವೀರವಸಂತರಾಯನೆಂದೂ ಸಾರುವ ಕಾಲಜ್ಞಾನದ ವಚನಗಳು ಕೊಡೇಕಲ್ಲಿನ ಪರಂಪರೆಯಿಂದ ಮೊದಲುಗೊಂಡು ಈ ನಾಡಿನಲ್ಲೆಲ್ಲ ಪ್ರಚಲಿತವಾಗಿದ್ದುವು. ಅಂಥ ಗ್ರಂಥಗಳನ್ನು ನಂಬಿ ಕಾಯುತ್ತಿದ್ದ ಪಂಗಡವೊಂದರ ಜನರು 1840ರ ಸುಮಾರಿನಲ್ಲಿ ಪಾದ್ರಿಗಳ ಬಳಿಗೆ ತಾವಾಗಿಯೇ ಬಂದು, ತಾವು ಕಾಯುತ್ತಿರುವುದು ಈ ಉಪದೇಶವನ್ನೇ ಇರಬಹುದೆಂದರು. ಪಾದ್ರಿಗಳ ಉತ್ಸಾಹಕ್ಕೆ ಮೇರೆಯಿಲ್ಲದಾಯಿತು; ಸಾವಿರಗಟ್ಟಲೆ ಜನರು ಒಮ್ಮೆಗೇ ಸಭೆಗೆ ಸೇರುವರೆಂಬ ನಿರೀಕ್ಷೆಯಿಂದ ಗದಗಿನ ಹತ್ತಿರ ಮಲಸಮುದ್ರದಲ್ಲಿ ಭೂಮಿಯನ್ನು ಪಡೆದು 1841ರಲ್ಲಿ ಒಂದು ಒಕ್ಕಲು ನೆಲೆಯನ್ನೇ ಏರ್ಪಡಿಸಿದರು. ಬಂದವರು ಕೆಲವರು ಮಾತ್ರ. ಗುರುಗಳು ಹಿಂದೆ ಸರಿದರು, ಶಿಷ್ಯರು ಗುರುಗಳ ಮುಖವನ್ನು ನೋಡಿದರು, ಜಾತಿಯನ್ನು ಬಿಡಬೇಕೆಂಬ ಮಾತು ಬಂದೊಡನೆ ಮಿಕ್ಕವರು ಮನೆಗೆ ಹೋದರು. ಗುಂಪಾಗಿ ಬರುವವರಿಗೆ ಭಯವಿಲ್ಲವೆಂದು ಎಲ್ಲರೂ ತಿಳಿದಿದ್ದರು. ಗುಂಪು ಒಡೆದ ಕೂಡಲೆ ಪ್ರತಿಯೊಬ್ಬನೂ ತನ್ನ ತನ್ನ ಭಯದೊಡನೆ ಒಂಟಿಯಾಗಿ ಉಳಿದನು. ಈ ಸೀಮೆಯಲ್ಲಿ ಕ್ರೈಸ್ತ ಸಭೆಯು ಬೆಳೆದದ್ದು ಆ ಒಂಟಿತನದ ಮೂಲಕವೇ: ಒಂದು ಮನೆ, ಇಬ್ಬರು ಅಣ್ಣತಮ್ಮಂದಿರು, ಒಬ್ಬ ವಿಧವೆ ಮತ್ತು ಅವಳ ಮಕ್ಕಳು, ಹೀಗೆ.

ಆ ಭಯವನ್ನು ಸಮೀಪದಿಂದ ನೋಡೋಣ. ಊರಿನ ಕಟ್ಟಿನಲ್ಲಿ ಪ್ರತಿಯೊಬ್ಬ ರೈತನಿಗೂ ಬಡಿಗನು ರಂಟೆ ಕುಂಟೆಗಳನ್ನು ತಿದ್ದಿಕೊಡಬೇಕು, ಕಮ್ಮಾರನು ಕುಡವನ್ನು ತಟ್ಟಿಕೊಡಬೇಕು, ಅಗಸನು ಅರಿವೆಯನ್ನೊಗೆಯಬೇಕು, ಹಡಪದವನು ಕ್ಷೌರ ಮಾಡಬೇಕು. ಇದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಅವರಿಗೆ ಆಯವು ಸಲ್ಲುತ್ತಿತ್ತು. ಇದು ಕೂಲಿಯಲ್ಲ, ಸಂಬಂಧ. ಜಾತಿಯಿಂದ ಹೊರಬಿದ್ದವನ ಕಣದಲ್ಲಿ ಎಷ್ಟೇ ಜೋಳದ ರಾಶಿಯಿದ್ದರೂ ಅವನ ಆಯವನ್ನು ಮುಟ್ಟಲು ಆಯಗಾರರು ಅಂಜುತ್ತಿದ್ದರು. ಏಕೆಂದರೆ ಬಹಿಷ್ಕೃತನ ಕೆಲಸ ಮಾಡಿದವನಿಗೂ ಬಹಿಷ್ಕಾರವೇ ಗತಿ. ಹೊಡೆತವಿಲ್ಲ, ಬೈಗುಳವಿಲ್ಲ, ಮುಂಗಾರಿಯ ಮಳೆ ಬಿದ್ದು ನೆಲವು ಹದವಾದಾಗ ಮುರಿದ ಕೂರಿಗೆಯನ್ನು ರಿಪೇರಿ ಮಾಡಿಕೊಡುವವರಿಲ್ಲ, ಅಷ್ಟೇ. ಎರೆಭೂಮಿಯಲ್ಲಿ ಬಿತ್ತಿಗೆಯ ಹದವು ಕೆಲವೇ ದಿನಗಳದ್ದು. ಅದು ತಪ್ಪಿದರೆ ವರ್ಷವೇ ತಪ್ಪಿತು. ಇನ್ನು ಕೆರೆಯ ಮಾತೆತ್ತುವುದೇ ಬೇಡ. ಯಾವ ಮೆಟ್ಟಿಲಿನಿಂದ ಯಾವ ಜಾತಿಯ ಹೆಂಗಸು ಕೊಡವನ್ನು ತುಂಬಬೇಕೆಂಬುದು ಗೊತ್ತಾಗಿದ್ದ ಊರಿನಲ್ಲಿ ಜಾತಿಯೇ ಇಲ್ಲದವಳ ಕೊಡಕ್ಕೆ ಮೆಟ್ಟಿಲೆಲ್ಲಿ? ಬೇರೆ ನೆಲೆಗಳಲ್ಲಿ ಕ್ರೈಸ್ತನಾದವನು ತನ್ನದೊಂದು ಬಾವಿಯನ್ನು ತೋಡಿಕೊಳ್ಳಬಹುದಾಗಿತ್ತು. ನೆಲದಡಿಯ ನೀರೇ ಉಪ್ಪಾಗಿದ್ದ ಈ ಬಯಲಿನಲ್ಲಿ ಆ ದಾರಿಯೂ ಇರಲಿಲ್ಲ. ಮಿಷನ್ನಿನ ಆವರಣದ ಸುತ್ತ ಕ್ರೈಸ್ತರ ಓಣಿಗಳು ಬೆಳೆದದ್ದಕ್ಕೂ, ಹಳ್ಳಿಯಲ್ಲಿ ನಂಬಿದವರು ಹುಬ್ಬಳ್ಳಿ ಬೆಟಗೇರಿಗಳಿಗೆ ಬಂದು ನೆಲಸಿದ್ದಕ್ಕೂ ಪಾದ್ರಿಗಳ ಆಕರ್ಷಣೆಗಿಂತ ಈ ನೀರು ನೇಗಿಲುಗಳ ನಿರಾಕರಣೆಯೇ ಹೆಚ್ಚಿನ ಕಾರಣವೆಂದು ನಾವು ತಿಳಿಯಬಹುದು.

ಆಸ್ತಿಯ ಭಯವು ಇದಕ್ಕೆ ಸಮನಾದುದು. ಧರ್ಮವನ್ನು ಬಿಟ್ಟವನಿಗೆ ಪಿತ್ರಾರ್ಜಿತದಲ್ಲಿ ಹಕ್ಕಿಲ್ಲವೆಂಬ ಹಳೆಯ ನ್ಯಾಯವನ್ನು ಕಂಪನಿ ಸರಕಾರವು 1850ರ ಇಪ್ಪತ್ತೊಂದನೆಯ ಆಕ್ಟಿನಿಂದ ರದ್ದುಗೊಳಿಸಿತು. ಜಾತಿ ಹೋದರೂ ಆಸ್ತಿ ಹೋಗಲಾಗದೆಂಬುದು ಅದರ ತಾತ್ಪರ್ಯ. ಆದರೆ ಆ ಕಾಯದೆಯು ಕಂಪನಿಯ ಸೀಮೆಗೆ ಮಾತ್ರ ಸಲ್ಲುವಂಥದು. ನವಲಗುಂದದ ಕ್ರೈಸ್ತನು ಅದನ್ನು ಕೈಯಲ್ಲಿ ಹಿಡಿದು ನ್ಯಾಯಾಲಯದ ಮೆಟ್ಟಿಲನ್ನೇರಬಹುದಾಗಿತ್ತು. ಕೆಲವೇ ಹರದಾರಿ ದೂರದ ಕುಂದಗೋಳದವನು ಜಮಖಂಡಿಯ ದರಬಾರಿನ ದಯೆಯನ್ನು ನೆಚ್ಚಬೇಕಾಗಿತ್ತು. ಅಲ್ಲದೆ ಕಾಯದೆಯು ಹೊಲವನ್ನು ಕೊಡಿಸಬಲ್ಲುದು, ಬೀಗರನ್ನು ಕೊಡಿಸಲಾರದು. ಮಂಗಳೂರಿನಲ್ಲಿ 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣನು ಇಬ್ಬರು ಸಹಪಾಠಿಗಳೊಡನೆ ದೀಕ್ಷಾಸ್ನಾನ ಹೊಂದಿದಾಗ ಪಟ್ಟಣವೇ ಕ್ಷೋಭೆಗೊಂಡಿತು. ಆ ಕ್ಷೋಭೆ ಕೆಲವು ದಿನಗಳಲ್ಲಿ ಅಡಗಿತು. ಅಡಗದೆ ಉಳಿದದ್ದು ಮನೆಯೊಳಗಿನ ಬಿರುಕು: ಅವನ ತರುಣಿ ಪತ್ನಿಯು ಬಂಧುಗಳ ಕಡೆಗೇ ಉಳಿದಳು. ಮುಂದೆ ಬಾಸೆಲಿನಲ್ಲಿ ವ್ಯಾಸಂಗ ಮಾಡಿ ಪಾದ್ರಿಯಾಗಿ ಹಿಂದಿರುಗಿದ ಕೌಂಡಿನ್ಯರು ಮರುಮದುವೆಯಾದದ್ದು 1860ರಲ್ಲಿ. ಮತಾಂತರದಿಂದ ಅಗಲಿದ ದಂಪತಿಗಳಿಗೆ ವಿವಾಹಬಂಧವನ್ನು ಬಿಡಿಸಿಕೊಡುವ ಕಾಯದೆ ಬಂದದ್ದು 1866ರಲ್ಲಿ. ಕಾಯದೆಯೇ ಬೇಕಾಗುವಷ್ಟು ಮನೆಗಳು ಹೀಗೆ ಒಡೆದಿದ್ದುವೆಂಬುದು ಇದರಿಂದ ವಿದಿತವಾಗುತ್ತದೆ.

ಇಲ್ಲಿ ಒಂದು ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಈ ನಾಡು ಮತದ ಗಡಿಗಳನ್ನು ದಾಟುವವರನ್ನು ಕಾಣದ ನಾಡೇನೂ ಅಲ್ಲ. ಕುಂದಗೋಳದ ಹತ್ತಿರದ ಕಳಸದ ಗೋವಿಂದಭಟ್ಟರು ಮುಸಲ್ಮಾನ ಮನೆಯಲ್ಲಿ ಹುಟ್ಟಿದ ಶಿಶುನಾಳದ ಶರೀಫರನ್ನು ಶಿಷ್ಯರನ್ನಾಗಿ ಅಂಗೀಕರಿಸಿದ್ದು ಇದೇ ಶತಮಾನದಲ್ಲಿ, ಇದೇ ಸೀಮೆಯಲ್ಲಿ. ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳ ಮಠದಲ್ಲಿ ಕ್ರೈಸ್ತರ ಸತ್ಯವೇದದ ಹಳೆಯ ಪ್ರತಿಯೊಂದನ್ನು ಇಂದಿಗೂ ಪೂಜ್ಯಭಾವದಿಂದ ಕಾಪಾಡಿಕೊಂಡು ಬರಲಾಗಿದೆ. ಆ ಗ್ರಂಥದ ಹಾಳೆಗಳಲ್ಲಿ ಒಂದು ರಂಧ್ರವುಂಟು. ತಮ್ಮ ಬಳಿಗೆ ಬಂದ ಆ ಪುಸ್ತಕವನ್ನು ನಾಗಲಿಂಗರು ತೂತು ಮಾಡಿಟ್ಟರೆಂದೂ ಕಾಲಾಂತರದಲ್ಲಿ ಆ ತೂತು ತಾನಾಗಿಯೇ ಮುಚ್ಚಿಕೊಳ್ಳುವುದೆಂದೂ ಭಕ್ತರ ಐತಿಹ್ಯ. ಐತಿಹ್ಯದ ಸತ್ಯಾಸತ್ಯತೆ ಹೇಗೇ ಇರಲಿ, 1881ರಲ್ಲಿ ದೇಹವಿಟ್ಟ ಒಬ್ಬ ಅವಧೂತನ ಮಠವು ಪಾದ್ರಿಯ ಪುಸ್ತಕವನ್ನು ಎಸೆಯದೆ ಇಟ್ಟುಕೊಂಡಿತೆಂಬುದು ಕಣ್ಣಿಗೆ ಕಾಣುವ ಸಂಗತಿ. ಇಷ್ಟು ಉದಾರವಾದ ನಾಡಿನಲ್ಲಿ ಕ್ರೈಸ್ತನಾದವನಿಗೆ ಅಷ್ಟು ಭಯವೇಕೆ?

ಉತ್ತರವಿಷ್ಟೇ: ಈ ಔದಾರ್ಯವು ವಿರಕ್ತನಿಗೆ ಸಲ್ಲುವಂಥದು. ಅವಧೂತನಿಗೆ ಹೊಲವಿಲ್ಲ, ಆಯಗಾರರ ಹಂಗಿಲ್ಲ, ಮದುವೆ ಮಾಡಬೇಕಾದ ಹೆಣ್ಣುಮಕ್ಕಳಿಲ್ಲ. ಅವನು ಯಾವ ಗಡಿಯನ್ನು ದಾಟಿದರೂ ಊರಿನ ಕಟ್ಟಿಗೆ ಧಕ್ಕೆಯಿಲ್ಲ. ಆದುದರಿಂದ ಊರು ಅವನ ಕಾಲಿಗೆ ಬಿದ್ದು ಹಿಂದಿರುಗಿ ಬಂದು ತನ್ನ ಕಟ್ಟಿನಲ್ಲಿಯೇ ಬಾಳುತ್ತದೆ. ಶರೀಫರಂಥ ಸಂಸಾರಿಗಳು ಗಡಿಯನ್ನು ದಾಟಿದಾಗ ಎರಡು ಕಡೆಯವರ ನಿಂದೆಯನ್ನೂ ಸಹಿಸಬೇಕಾಯಿತೆಂಬ ಮಾತು ಪ್ರಸಿದ್ಧವಾಗಿಯೇ ಇದೆ. ಆದರೂ ಅವರಿಗೆ ಅನುಭಾವಿಯ ಗೌರವವು ರಕ್ಷೆಯಾಗಿತ್ತು. ಮಿಷನ್ನಿನವರು ಕೇಳಿದ್ದು ಇದಕ್ಕಿಂತ ಕಠಿನವಾದುದನ್ನು. ಗೃಹಸ್ಥನು ಗೃಹಸ್ಥನಾಗಿಯೇ ಇರಬೇಕು, ಮಕ್ಕಳು ಮರಿಗಳೊಡನೆ ಊರ ನಡುವೆಯೇ ಬಾಳಬೇಕು, ಆದರೂ ಜಾತಿಯನ್ನು ಬಿಡಬೇಕು. ಸಂತನಿಗೆ ಸುಲಭವಾದುದನ್ನು ಅವರು ಸಾಮಾನ್ಯನಿಂದ ಅಪೇಕ್ಷಿಸಿದರು.

ಈ ಅಪೇಕ್ಷೆಯು ಎಲ್ಲಕ್ಕಿಂತ ತೀಕ್ಷ್ಣವಾಗಿ ವ್ಯಕ್ತವಾಗುತ್ತಿದ್ದುದು ಪ್ರಭುಭೋಜನದ ಸಂಸ್ಕಾರದಲ್ಲಿ. ಆ ಕಾಲದ ಬಾಸೆಲ್ ಸಭೆಗಳಲ್ಲಿ ರೊಟ್ಟಿಯನ್ನು ಮುರಿದು ಹಂಚಿದ ಮೇಲೆ ದ್ರಾಕ್ಷಾರಸದ ಪಾತ್ರೆಯೊಂದೇ ಕೈಯಿಂದ ಕೈಗೆ, ತುಟಿಯಿಂದ ತುಟಿಗೆ ಹೋಗುತ್ತಿತ್ತು. ಎಂಜಲು ಎಂಬ ಭಾವನೆಯು ರಕ್ತದಲ್ಲಿ ಬೆರೆತುಹೋದ ಸಮಾಜದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆಯನ್ನು ಯಾರೂ ಕಲ್ಪಿಸಲಾರರು. ಮೊದಲು ಒಕ್ಕಲುತನದ ಮನೆಯವನಾಗಿದ್ದವನು ಮೊದಲು ಹೊಲೆಗೇರಿಯವನಾಗಿದ್ದವನ ತುಟಿ ತಾಗಿದ ಪಾತ್ರೆಗೆ ತನ್ನ ತುಟಿಯನ್ನಿಡಬೇಕು. ಬೋಧನೆಯನ್ನು ಒಪ್ಪಿ, ಪ್ರಾರ್ಥನೆಯನ್ನು ಕಲಿತು, ಕಡೆಗೆ ಈ ಪಾತ್ರೆಯ ಮುಂದೆ ನಿಂತು ಹಿಂದಿರುಗುವುದು ಮನುಷ್ಯಸ್ವಭಾವಕ್ಕೆ ಎಷ್ಟು ಸಹಜವೋ, ಆ ಪಾತ್ರೆಯನ್ನು ಎರಡೂ ಕೈಗಳಿಂದ ಹಿಡಿದವನ ನಿಶ್ಚಯವು ಅಷ್ಟೇ ಅಸಾಧಾರಣವಾದುದು. ಸಭೆಯೊಳಗೂ ಹಳೆಯ ಜಾತಿಯ ನೆನಪು ಕೂಡಲೇ ಅಳಿಯಲಿಲ್ಲವೆಂಬುದು ನಿಜ. ಮದುವೆಯ ಮಾತುಕತೆಗಳಲ್ಲಿ ಅದು ತಲೆಮಾರುಗಳವರೆಗೆ ಇಣಿಕಿ ನೋಡುತ್ತಲೇ ಇತ್ತು. ಆದರೂ ವರ್ಷಕ್ಕೆ ಕೆಲವು ಬಾರಿಯಾದರೂ ಒಂದೇ ಪಾತ್ರೆಯಿಂದ ಕುಡಿದ ಜನರು ಧಾರವಾಡ ಸೀಮೆಯಲ್ಲಿ ಆಗ ಬೇರೆ ಎಷ್ಟು ಕಡೆ ಇದ್ದರು?

ಕ್ರೈಸ್ತನಾದವನು ಅರಸರ ಕಡೆಯವನಾದನು, ಆದುದರಿಂದ ಅವನಿಗೇನು ಭಯ ಎಂಬ ಮಾತು ಆಗಲೂ ಇತ್ತು. ಇದು ವಿಚಾರಣೆಗೆ ನಿಲ್ಲುವ ಮಾತಲ್ಲ. ಕಂಪನಿಯು ತನ್ನ ವ್ಯಾಪಾರಕ್ಕೂ ಶಾಂತಿಗೂ ಭಂಗ ಬಂದೀತೆಂದು ಮಿಷನರಿಗಳನ್ನು ಬಹುಕಾಲ ದೂರವೇ ಇಟ್ಟಿತ್ತು. ದತ್ತಕವನ್ನು ಕಂಪನಿಯು ನಿರಾಕರಿಸಿದ್ದರಿಂದಲೂ ಆಯುಧಗಳನ್ನು ಒಪ್ಪಿಸಬೇಕೆಂಬ ಕಟ್ಟಳೆಯಿಂದಲೂ ನೊಂದ ನರಗುಂದದ ಅರಸ ಬಾಬಾಸಾಹೇಬರು 1858ರ ಮೇ ತಿಂಗಳಲ್ಲಿ ಬಂಡೆದ್ದಾಗ, ಪೊಲಿಟಿಕಲ್ ಏಜಂಟನಾದ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದಾಗ, ಇಡೀ ಸೀಮೆಯೇ ತಲ್ಲಣಿಸಿತು. ಅಂಥ ದಿನಗಳಲ್ಲಿ ಬಿಳಿಯರ ದೇವರನ್ನು ಪೂಜಿಸುವವರೆಂದು ಊರಿನವರ ಕಣ್ಣಿಗೆ ಬೀಳುವುದು ರಕ್ಷೆಯಾಗಿರಲಿಲ್ಲ, ಗಂಡಾಂತರವಾಗಿತ್ತು. ಅದೇ ವರ್ಷದ ನವೆಂಬರದಲ್ಲಿ ಹೊರಟ ರಾಣಿಯ ಘೋಷಣೆಯು ತನ್ನ ಧರ್ಮವನ್ನು ಪ್ರಜೆಗಳ ಮೇಲೆ ಹೇರುವ ಇಚ್ಛೆ ಸರಕಾರಕ್ಕಿಲ್ಲವೆಂದು ಸ್ಪಷ್ಟವಾಗಿ ಸಾರಿತು. ಹೀಗೆ ಬಂಡಾಯದಲ್ಲಿ ಅರಸನ ಬಂಟನೆಂಬ ಶಂಕೆಯೂ, ಶಾಂತಿಯಲ್ಲಿ ಅರಸನಿಂದ ಉದಾಸೀನತೆಯೂ ಹಳ್ಳಿಯ ಕ್ರೈಸ್ತನ ಪಾಲಿಗೆ ಬಂದವು.

ಇದುವರೆಗೆ ಹೇಳಿದ್ದೆಲ್ಲ ಭಯವು ಮನುಷ್ಯನನ್ನು ಸಭೆಯಿಂದ ದೂರ ಎಳೆದ ಕಥೆ. ಧಾತು ಸಂವತ್ಸರದ ಬರವು ಇದನ್ನು ತಲೆಕೆಳಗು ಮಾಡಿತು. ಭಯವೇ ಜನರನ್ನು ಮಿಷನ್ನಿನ ಬಾಗಿಲಿಗೆ ಅಟ್ಟಿಕೊಂಡು ಬಂದಿತು. ಅಮೆರಿಕದ ಅಂತರ್ಯುದ್ಧವು 1861ರಿಂದ 1865ರವರೆಗೆ ನಡೆದಾಗ ಅಲ್ಲಿಯ ಹತ್ತಿಯು ಇಂಗ್ಲೆಂಡಿನ ಗಿರಣಿಗಳಿಗೆ ಬಾರದೆ, ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ನವಲಗುಂದದ ಎರೆಹೊಲಗಳು ಆ ಸುಭಿಕ್ಷವನ್ನು ಕಂಡವು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಸಾಲ ಉಳಿಯಿತು. ಅದರ ಮೇಲೆ 1876ರಲ್ಲಿ ಮಳೆ ಕೈಕೊಟ್ಟಿತು. ಮನೆಯಂಗಳದಲ್ಲಿ ನೆಲವನ್ನಗೆದು ಜೋಳವನ್ನು ತುಂಬಿ ಬಾಯಿ ಮುಚ್ಚಿಡುವ ಹಗೇವುಗಳು ಈ ನಾಡಿನ ವಿಮೆ; ಒಂದು ವರ್ಷದ ಬರವನ್ನು ಅವು ತಡೆಯಬಲ್ಲವು. ಈ ಬಾರಿ ಹಗೇವುಗಳ ತಳವು ಕಂಡಿತು. ದಿಲ್ಲಿಯಲ್ಲಿ 1877ರ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಸಾರುವ ಮಹಾದರಬಾರು ನಡೆಯುತ್ತಿದ್ದಾಗ ನವಲಗುಂದದ ಕೆರೆ ಕಟ್ಟೆಗಳ ಬಳಿ ದನಕರುಗಳ ಎಲುಬುಗಳು ಬೆಳ್ಳಗೆ ಬಿದ್ದಿದ್ದವು. ಕ್ಷಾಮನಿವಾರಣೆಯ ರಸ್ತೆಕೆಲಸಗಳಲ್ಲಿ ಕಲ್ಲೊಡೆಯುವ ಆಳಿಗೆ ಸರಕಾರದ ಕ್ಷಾಮಾಧಿಕಾರಿಯಾದ ಸರ್ ರಿಚರ್ಡ್ ಟೆಂಪಲ್ ಗೊತ್ತುಪಡಿಸಿದ ಕೂಲಿಯು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೆ ಅಲ್ಪ ಕಾಸು; ಅದು ಸಾಲದೆಂದು ಮುಂಬಯಿ ಇಲಾಖೆಯಲ್ಲಿ ಸಹಸ್ರಾವಧಿ ಕೂಲಿಗಾರರು ಕೆಲಸವನ್ನೇ ಬಿಟ್ಟುಹೋದರೆಂಬುದು ಪ್ರಸಿದ್ಧವಾಗಿದೆ. ಅಂದಿನ ಅವಿಭಕ್ತ ಧಾರವಾಡ ಜಿಲ್ಲೆಯಲ್ಲಿ 1872ರ ಖಾನೇಸುಮಾರಿಯಲ್ಲಿ ಹತ್ತು ಲಕ್ಷಕ್ಕೆ ಸ್ವಲ್ಪವೇ ಕಡಿಮೆಯಿದ್ದ ಜನರು 1881ರಲ್ಲಿ 8,82,907 ಮಂದಿಯಾಗಿ ಉಳಿದರು. ಒಂದು ಲಕ್ಷಕ್ಕೂ ಮಿಕ್ಕಿದ ಈ ಕೊರತೆಯಲ್ಲಿ ಸತ್ತವರೆಷ್ಟು, ದೇಶಾಂತರ ಹೋದವರೆಷ್ಟು, ಹುಟ್ಟದೆ ಹೋದವರೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಹಳ್ಳಿ ಹಳ್ಳಿಗಳಲ್ಲಿ ಬಾಗಿಲು ಮುಚ್ಚಿದ ಮನೆಗಳು ಅದರ ಸಾಕ್ಷಿಯಾಗಿ ನಿಂತಿದ್ದವು.

ಆಗ ಮಿಷನ್ನಿನ ಠಾಣ್ಯಗಳಲ್ಲಿ ಗಂಜಿ ಬೆಂದಿತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗೆ ಅನಾಥಶಾಲೆಗಳು ತೆರೆದವು. ಅವುಗಳಲ್ಲಿ ಬೆಳೆದ ಹುಡುಗ ಹುಡುಗಿಯರಿಂದ ಮುಂದೆ ಸಭೆಯ ಎಷ್ಟೋ ಮನೆತನಗಳು ಹುಟ್ಟಿದವು. ಇಲ್ಲಿಯೇ ಒಂದು ಹಳೆಯ ಆಕ್ಷೇಪವೂ ಹುಟ್ಟುತ್ತದೆ. ಗಂಜಿಗಾಗಿ ಕ್ರೈಸ್ತರಾದವರನ್ನು ಭಯಕ್ಕಿಂತ ವಿಶ್ವಾಸವನ್ನು ಆರಿಸಿಕೊಂಡವರೆಂದು ಹೇಗೆ ಹೇಳುವುದು? ಅವರು ಆರಿಸಿಕೊಂಡದ್ದು ಬದುಕನ್ನು. ವಿಶ್ವಾಸವು ಅದರ ಬೆಲೆಯಾಗಿ ಬಂದಿತು. ಈ ಆಕ್ಷೇಪವನ್ನು ಜಾರಿಸಿ ಮುಂದೆ ಹೋಗುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಹಸಿದವನ ಮುಂದೆ ಅನ್ನವನ್ನೂ ಉಪದೇಶವನ್ನೂ ಒಂದೇ ಕೈಯಿಂದ ಇಟ್ಟಾಗ ಅವನು ಯಾವುದಕ್ಕೆ ಕೈ ಚಾಚಿದನೆಂದು ಅವನಿಗೇ ತಿಳಿಯದಿರುವ ಸಂಭವವುಂಟು.

ಆದರೆ ಈ ಆಕ್ಷೇಪವನ್ನು ಎಲ್ಲರಿಗಿಂತ ಮೊದಲು ಅರಿತವರು ಮಿಷನರಿಗಳೇ ಎಂಬುದನ್ನು ಮರೆಯಲಾಗದು. ಇದೇ ಬರದಲ್ಲಿ ತೆಲುಗು ನಾಡಿನ ಒಂಗೋಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಪಾದ್ರಿಯಾದ ಜಾನ್ ಕ್ಲೌ ಎಂಬಾತನು ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಹಸಿದವರಿಗೆ ಕೆಲಸ ಕೊಟ್ಟನು. ಬರ ಮುಗಿಯುವವರೆಗೆ ಯಾರಿಗೂ ದೀಕ್ಷಾಸ್ನಾನ ಕೊಡೆನೆಂದು ನಿಶ್ಚಯಿಸಿದನು. ಬರ ಇಳಿದು ಹಂಚಲು ಹಣವಾಗಲಿ ಧಾನ್ಯವಾಗಲಿ ಉಳಿಯದಿದ್ದ ಮೇಲೂ ಬಂದು ನಿಂತವರಲ್ಲಿ 2,222 ಜನರಿಗೆ 1878ರ ಜುಲೈ 3ರಂದು ಒಂದೇ ದಿನ ದೀಕ್ಷಾಸ್ನಾನವಾಯಿತು. ಧಾರವಾಡ ಸೀಮೆಯಲ್ಲಿ ಅಂಥ ಸಂಖ್ಯೆಯ ಕನಸನ್ನೂ ಯಾರೂ ಕಾಣುವಂತಿರಲಿಲ್ಲ. ಇಲ್ಲಿ ದೀರ್ಘವಾದ ಬೋಧನೆಯಾಗಬೇಕು, ನಡತೆಯ ಪರೀಕ್ಷೆಯಾಗಬೇಕು, ಆಮೇಲೆ ದೀಕ್ಷೆ. ಬಾಸೆಲಿನವರ ಶಿಸ್ತು ಜರ್ಮನ್ ಹಳ್ಳಿಯ ಪಾಠಶಾಲೆಯದು, ಅವಸರಕ್ಕೆ ಎಡೆಯಿಲ್ಲದ್ದು. ಬರ ಕಳೆದ ಮೇಲೆ ಮಳೆ ಬಂದಿತು, ಜೋಳ ಬೆಳೆಯಿತು, ಊರಿಗೆ ಹಿಂದಿರುಗುವ ದಾರಿ ತೆರೆಯಿತು. ಬಂದವರಲ್ಲಿ ಹಿಂದಿರುಗಿದವರೂ ಇದ್ದರು. ಅವರನ್ನು ನಾವು ದೂಷಿಸಬೇಕಾದುದಿಲ್ಲ. ಉಳಿದವರ ವಿಷಯದಲ್ಲಿ ಮಾತ್ರ ಆಕ್ಷೇಪವು ಬಲಗುಂದುತ್ತದೆ. ಹಸಿವಿನ ಭಯವು ಅವರನ್ನು ಒಳಗೆ ತಂದಿರಬಹುದು. ಹಸಿವು ತೀರಿದ ಮೇಲೆ ನೀರು ನೇಗಿಲು ಬೀಗತನಗಳ ಹಳೆಯ ಭಯವು ಅವರನ್ನು ಹೊರಗೆ ಎಳೆಯಬೇಕಾಗಿತ್ತು, ಎಳೆಯಲಿಲ್ಲ. ಅವರು ನಿಜವಾಗಿ ಆರಿಸಿಕೊಂಡ ದಿನವು ಗಂಜಿಯ ಸರದಿಯಲ್ಲಿ ನಿಂತ ದಿನವಲ್ಲ. ಹಿಂದಿರುಗಲು ದಾರಿಯಿದ್ದೂ ಹಿಂದಿರುಗದ ಮುಂದಿನ ವರ್ಷಗಳ ದಿನಗಳೆಲ್ಲವೂ ಅವರ ಆಯ್ಕೆಯ ದಿನಗಳು.

ಬರದ ತರುವಾಯ ದೇಶವೇ ಬದಲಾಗತೊಡಗಿತು. ಕ್ಷಾಮಕಾಲದಲ್ಲಿ ಧಾನ್ಯವನ್ನು ಸಾಗಿಸಲು ಬೇಕೆಂದು ದಕ್ಷಿಣ ಮಹರಾಟಾ ರೈಲು ಬಂದಿತು. ಹುಬ್ಬಳ್ಳಿಯಿಂದ ಅಣ್ಣಿಗೇರಿಯನ್ನು ಹಾಯ್ದು ಗದಗಿಗೆ ಗಾಡಿ ಓಡಿತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು ಜಾತಿಯನ್ನು ಕೇಳದೆ ಕೂಲಿ ಕೊಡುವ ಹೊಸ ಧಣಿಯಾಯಿತು. ಸಾಲೆ ಕಲಿತ ಕ್ರೈಸ್ತ ತರುಣನಿಗೆ ಮಾಸ್ತರಿಕೆ, ಗುಮಾಸ್ತಿಕೆಗಳು ದೊರೆತವು. ಆಯಗಾರರ ನಿರಾಕರಣೆಗೆ ಮೊದಲಿದ್ದ ಮೊನೆ ಮೊಂಡಾಯಿತು. ಆದರೆ ಸುಖವೂ ಒಂದು ಹೊಸ ಭಯವನ್ನು ತನ್ನ ಮಡಿಲಲ್ಲಿ ತಂದಿತು. ಊರನ್ನು ಕಳೆದುಕೊಂಡವರು ಮಿಷನ್ನನ್ನು ಊರಾಗಿ ಮಾಡಿಕೊಂಡಿದ್ದರು, ಸಂಬಳಕ್ಕೂ ಸಾಲೆಗೂ ಆಸ್ಪತ್ರೆಗೂ ಅದನ್ನೇ ನೆಚ್ಚಿದ್ದರು. 1914ರಲ್ಲಿ ಮಹಾಯುದ್ಧ ಮೊದಲಾದಾಗ ಆ ಆಸರೆಯೇ ಅಲುಗಿತು. ಬಾಸೆಲ್ ಸ್ವಿಟ್ಸರ್ಲೆಂಡಿನದಾದರೂ ಅದರ ಪಾದ್ರಿಗಳಲ್ಲಿ ಬಹುಮಂದಿ ಜರ್ಮನರು. ಅವರು ಶತ್ರುದೇಶದ ಪ್ರಜೆಗಳಾಗಿ ಅಹಮದನಗರದ ಶಿಬಿರದಲ್ಲಿ ಬಂಧಿತರಾದರು, ಬಳಿಕ ಹಡಗು ಹತ್ತಿ ದೇಶವನ್ನೇ ಬಿಡಬೇಕಾಯಿತು. ಹೆಂಚು, ನೇಯ್ಗೆಗಳ ಕಾರಖಾನೆಗಳು ಅನ್ಯರ ಕೈಗೆ ಹೋದವು. ಎಂಬತ್ತು ವರ್ಷಗಳಿಂದ ತಮಗೆ ತಂದೆಯಂತೆ ಆಜ್ಞಾಪಿಸುತ್ತಿದ್ದವರು ಒಂದು ಬೆಳಗ್ಗೆ ಇಲ್ಲವಾದಾಗ, ಇವರ ಕ್ರೈಸ್ತತನವು ಪಾದ್ರಿಯ ನೆರಳೇ ಅಥವಾ ಸ್ವಂತದ ಮರವೇ ಎಂಬುದು ತೀರ್ಮಾನವಾಗಬೇಕಾಗಿತ್ತು. ಸಭೆಗಳು ಚದರಿಹೋಗಲಿಲ್ಲ. ಉಪದೇಶಿಗಳು ಹಳ್ಳಿಗಳಿಗೆ ಹೋದರು, ಮಾಸ್ತರರು ಸಾಲೆಗಳನ್ನು ತೆರೆದರು, ಆದಿತ್ಯವಾರದ ಗಂಟೆ ಬಾರಿಸಿತು. ಕನ್ನಡಿಗ ಸಭಾಪಾಲಕರು ತಾವೇ ಮುಂದೆ ನಿಂತು ನಡೆಸುವುದನ್ನು ಆ ವರ್ಷಗಳಲ್ಲಿ ಕಲಿತರು.

ಅವರಲ್ಲಿ ಒಬ್ಬರನ್ನು ಹೆಸರಿಸಿದರೆ ಈ ಇಡೀ ಇತಿಹಾಸದ ಫಲವನ್ನು ಕಾಣಬಹುದು. ಧಾರವಾಡದಲ್ಲಿ 1881ರಲ್ಲಿ ದಾನಿಯೇಲಪ್ಪ, ಸುಭಕ್ತವ್ವ ಎಂಬ ದಂಪತಿಗಳ ಮಗನಾಗಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಸಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ದೈವಜ್ಞಾನವನ್ನು ವ್ಯಾಸಂಗ ಮಾಡಿ, ಸಭಾಪಾಲಕರಾದರು. ಅವರ ಕಾಲಕ್ಕೆ ಊರಿನ ಭಯವು ಕಡಿಮೆಯಾಗಿತ್ತು. ಆದರೆ ಕ್ರೈಸ್ತರ ಒಳಗೇ ಇನ್ನೊಂದು ಭಯವು ಬೆಳೆದಿತ್ತು. ಬಹು ಕಷ್ಟದಿಂದ ದಾಟಿ ಬಂದ ಹೊಸ್ತಿಲನ್ನು ತಿರುಗಿ ನೋಡಬಾರದು, ನೋಡಿದರೆ ಹಿಂದಕ್ಕೆ ಬಿದ್ದೇವೆಂಬ ಭಯ. ಹಿರಿಯರ ಪುರಾಣ, ವಚನ, ತತ್ತ್ವಪದಗಳನ್ನು ಮುಟ್ಟಿದರೆ ವಿಶ್ವಾಸಕ್ಕೆ ಮೈಲಿಗೆಯಾದೀತೆಂಬ ಭಯ. ವಿಚಿತ್ರವೆಂದರೆ ಪಾದ್ರಿಗಳಲ್ಲಿಯೇ ಹಲವರು ಅದಕ್ಕೆ ಒಳಗಾಗಿರಲಿಲ್ಲ. ವ್ಯೂರ್ಥ್ ಎಂಬವರು ಬಸವಪುರಾಣದ ಸಾರವನ್ನು ಇಂಗ್ಲಿಷಿಗೆ ತಂದು, ‘ಪ್ರಾಕ್ಕಾವ್ಯಮಾಲಿಕೆ’ಯೆಂಬ ಹಳಗನ್ನಡ ಸಂಕಲನವನ್ನು 1868ರಲ್ಲಿ ಪ್ರಕಟಿಸಿದ್ದರು, ಕಿಟ್ಟೆಲರು 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ, 1894ರಲ್ಲಿ ಮಹಾನಿಘಂಟನ್ನು ಕನ್ನಡಿಗರಿಗೆ ಕೊಟ್ಟಿದ್ದರು. ಪರದೇಶೀಯನಿಗೆ ಅದು ವಿದ್ವತ್ತು. ದೇಶೀಯ ಕ್ರೈಸ್ತನಿಗೆ ಅದು ಅಜ್ಜನ ಮನೆ, ಆದುದರಿಂದಲೇ ಹೆಚ್ಚು ಅಪಾಯದ್ದು.

ಉತ್ತಂಗಿಯವರು ಆ ಮನೆಗೆ ಹೋದರು. ಊರೂರು ಅಲೆದು, ಓಲೆಗರಿ ಹಸ್ತಪ್ರತಿಗಳನ್ನು ಕೂಡಿಸಿ, ಹಳ್ಳಿಗರ ಬಾಯಿಂದ ಕೇಳಿ ಬರೆದುಕೊಂಡು, ಸರ್ವಜ್ಞನ ವಚನಗಳ ಬೃಹತ್ಸಂಪುಟವನ್ನು 1924ರಲ್ಲಿ ಹೊರತಂದರು. ಹರಿದು ಹಂಚಿಹೋಗಿದ್ದ ತ್ರಿಪದಿಕಾರನು ಕನ್ನಡಿಗರಿಗೆ ಇಡಿಯಾಗಿ ದೊರೆತದ್ದು ಒಬ್ಬ ಕ್ರೈಸ್ತ ಸಭಾಪಾಲಕನಿಂದ. ಅದಕ್ಕೂ ಮೊದಲೇ, 1921ರಲ್ಲಿ, ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’ಯೆಂಬ ಪುಸ್ತಕವನ್ನು ಬರೆದು ಕ್ರಿಸ್ತನನ್ನು ಭಾರತೀಯ ಪರಂಪರೆಯೊಡನೆ ಸಮಾಲೋಚನೆಗೆ ಕೂಡಿಸಲು ಯತ್ನಿಸಿದ್ದರು, ಹಳೆಯ ಕಟ್ಟಿನ ಕ್ರೈಸ್ತರಿಗೆ ಅಂಥ ಧೋರಣೆಯು ರುಚಿಸುವಂಥದಾಗಿರಲಿಲ್ಲ. ಸಂಬಳ ಕೊಡುವ ಸಂಸ್ಥೆಯ ಅಸಮಾಧಾನವು ಸಭಾಪಾಲಕನಾದ ಗೃಹಸ್ಥನಿಗೆ ಎಂಥ ಭಯವೆಂಬುದನ್ನು ವಿವರಿಸಬೇಕಾದುದಿಲ್ಲ. ಅನಂತರ ಅನುಭವಮಂಟಪದ ಐತಿಹಾಸಿಕತೆಯನ್ನು ಸಂದೇಹಿಸಿದವರಿಗೆ ಉತ್ತರವಾಗಿ ಗ್ರಂಥವನ್ನು ಬರೆದವರೂ ಅವರೇ. ಕನ್ನಡಿಗರು 1949ರಲ್ಲಿ ಗುಲಬರ್ಗೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಅವರನ್ನು ಕುಳ್ಳಿರಿಸಿದರು. ಒಂದು ಶತಮಾನದ ಹಿಂದೆ ಕ್ರೈಸ್ತನಿಗೆ ಕೆರೆಯ ಮೆಟ್ಟಿಲನ್ನು ನಿರಾಕರಿಸಿದ್ದ ಸಮಾಜವೇ ಕ್ರೈಸ್ತ ಸಭಾಪಾಲಕನೊಬ್ಬನನ್ನು ತನ್ನ ನುಡಿಯ ಹಿರಿಯನೆಂದು ಗೌರವಿಸಿತು. 1962ರಲ್ಲಿ ತೀರಿಕೊಳ್ಳುವವರೆಗೂ ಅವರು ಕ್ರೈಸ್ತರಾಗಿಯೇ ಉಳಿದರು. ಯಾವ ಕಡೆಯವರನ್ನು ಮೆಚ್ಚಿಸುವುದಕ್ಕಾಗಿಯೂ ತಮ್ಮ ನಂಬಿಕೆಯನ್ನು ತೆಳುವಾಗಿಸಲಿಲ್ಲ.

ಈ ವೃತ್ತಾಂತದಿಂದ ನಾವು ಗ್ರಹಿಸತಕ್ಕುದೇನು? ದಕ್ಷಿಣ ಇಂಡಿಯಾ ಸಭೆಯು 1947ರಲ್ಲಿ ಸ್ಥಾಪಿತವಾಗಿ, 1970ರಲ್ಲಿ ಧಾರವಾಡವು ಅದರ ಕರ್ನಾಟಕ ಉತ್ತರ ಪ್ರಾಂತದ ಪೀಠವಾದ ಮೇಲೆ, ಮಿಷನ್ನಿನ ಕಾಲದ ಲೆಕ್ಕವು ಮುಗಿದಂತಾಗಿದೆ. ಆ ಲೆಕ್ಕವನ್ನು ತಲೆಯೆಣಿಕೆಯಿಂದ ಮಾಡಿದರೆ ಮಿಷನ್ನಿನವರಿಗೆ ಧಾರವಾಡ ಸೀಮೆಯು ನಿರಾಶೆಯ ಕ್ಷೇತ್ರ. ಸಂಶಯದಿಂದ ಮಾಡಿದರೆ ವಿರೋಧಿಗಳಿಗೆ ಅದು ಗಂಜಿಯ ಕ್ಷೇತ್ರ. ಇಬ್ಬರೂ ದೀಕ್ಷಾಸ್ನಾನದ ದಿನವನ್ನೇ ದಿಟ್ಟಿಸಿ ನೋಡಿದರು. ಗೃಹಸ್ಥನ ಧೈರ್ಯವು ಒಂದು ದಿನದ್ದಲ್ಲ. ಹುತಾತ್ಮನು ಒಮ್ಮೆ ಆರಿಸಿಕೊಂಡರೆ ಸಾಕು. ಸಂಸಾರಿಯು ಪ್ರತಿ ಬಿತ್ತಿಗೆಗೆ, ಪ್ರತಿ ಮದುವೆಗೆ, ಪ್ರತಿ ಸಾವಿಗೆ ಹೊಸದಾಗಿ ಆರಿಸಿಕೊಳ್ಳಬೇಕು, ಆರಿಸಿಕೊಂಡ ಮೇಲೆ ತನ್ನನ್ನು ಹೊರಗಿಟ್ಟವರನ್ನು ದ್ವೇಷಿಸದೆ ಅವರ ನೆರೆಯಲ್ಲಿಯೇ ಬಾಳಬೇಕು. ಭಯವನ್ನು ಬಿಟ್ಟವನು ಅದರೊಡನೆ ರೋಷವನ್ನೂ ಬಿಟ್ಟನೋ ಇಲ್ಲವೋ ಎಂಬುದೇ ಅವನ ನಿರ್ಭಯತೆಗೆ ಕಡೆಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಎಲ್ಲ ಮತಗಳಲ್ಲಿಯೂ ವಿರಳ. ಧಾರವಾಡ ಸೀಮೆಯ ಕ್ರೈಸ್ತ ಮನೆತನಗಳಲ್ಲಿ ಅಂಥವರು ಇದ್ದರೆಂಬುದಕ್ಕೆ ಸರ್ವಜ್ಞನ ಆ ದೊಡ್ಡ ಸಂಪುಟವು ಕನ್ನಡಿಗರ ಮನೆಗಳಲ್ಲಿರುವ ಪ್ರಮಾಣ.